ಛತ್ರ ಬಿಟ್ಟು ಅವಳ ಶಾಲೆಗೆ

ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ಬರಿಯ ಹೊಗಳಿಕೆಯಾಗಿ ಕಾಣುತ್ತದೆ. ಅವಳು ತೀರಿಕೊಂಡು ಏಳು ತಿಂಗಳಾಯಿತು. ಅವಳ ನೆನಪಿಗೆ ನಮ್ಮ ಶಾಲೆಯವರು ಒಂದು ಪುಟ್ಟ ಪುಸ್ತಕ ತರುತ್ತಾರಂತೆ. ಹೆಡ್‌ಮಾಸ್ಟರು ಫೋನ್ ಮಾಡಿ, "ನೀವು ಹನ್ನೊಂದು ವರ್ಷ ಅವ್ರ ಜೊತೇಲೇ ಪಾಠ ಮಾಡ್ದೋರು ಮೇಡಂ. ನಿಮಗಿಂತ ಚೆನ್ನಾಗಿ ಯಾರು ಬರೀತಾರೆ, ಹೇಳಿ?" ಎಂದರು. ಬರವಣಿಗೆ ಕೆಲಸ ಬಂದಾಗ ಮಾತ್ರ ಎಲ್ಲರಿಗೂ ನಾನು ನೆನಪಾಗುತ್ತೇನೆ.

ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಎದುರಿಗೆ ‘ಮೇಡಂ’ ಎನ್ನುತ್ತಿದ್ದೆ, ಮನಸ್ಸಿನೊಳಗೆ ಯಾವಾಗಲೂ ‘ಅವಳು’. ಇಲ್ಲಿಯೂ ಹಾಗೇ ಬರೆಯುತ್ತೇನೆ. ಸೋಸಲೆಯವಳು. ದಿನಾ ಊರಿನಿಂದ ಟಿ. ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸರಿಯಾಗಿ ಗೇಟಿನ ಹತ್ತಿರ ಅವಳ ತಲೆ ಕಾಣುತ್ತಿತ್ತು. ನಾನು ನಂಜನಗೂಡಿನವಳೇ. ಯಜಮಾನರು ತಾಂಡ್ಯದ ಕಾರ್ಖಾನೆಯಲ್ಲಿದ್ದಾರೆ. ಅವರಿಗೆ ಡಬ್ಬಿ ಕಟ್ಟಿಕೊಟ್ಟು, ಮನೆ ಕೆಲಸ ಮುಗಿಸಿ, ಗಂಟೆ ಹೊಡೆಯುವ ಕಾಲುಗಂಟೆ ಮೊದಲೇ ನಾನು ಶಾಲೆಯಲ್ಲಿರುತ್ತಿದ್ದೆ. ಅದನ್ನು ಯಾರಾದರೂ ಒಂದು ದಿನ ಗಮನಿಸಿದರೇ? ಅವಳು ಬೆವರು ಒರೆಸಿಕೊಳ್ಳುತ್ತ ಬಂದರೆ ಮಾತ್ರ ಸಾಲಿನಲ್ಲಿ ನಿಂತ ಮಕ್ಕಳ ಮುಖ ಅರಳುತ್ತಿತ್ತು.

ಅವಳ ಅಕ್ಷರ ನೋಡಬೇಕಿತ್ತು ನೀವು! ಬೋರ್ಡಿನ ಎಡಗಡೆ ಸರಿಯಾಗಿ ಹೊರಟ ಸಾಲು ಬಲಗಡೆಗೆ ಬರುವಷ್ಟರಲ್ಲಿ ಒಂದು ಗೇಣು ಕೆಳಗಿಳಿದಿರುತ್ತಿತ್ತು. ಕೈಗಡಿಯಾರವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟಿಕೊಳ್ಳುತ್ತಿದ್ದಳು, ಯಾರ ಜೊತೆ ಮಾತಾಡುವಾಗಲೂ ಅದನ್ನು ನೋಡುತ್ತಿರಲಿಲ್ಲ. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಮಾತನ್ನು ಪೂರ್ತಿ ಮಾಡುವ ಅಭ್ಯಾಸವಿಲ್ಲ. "ಅದು ಹಂಗಲ್ಲ ಕಣ್ರೀ..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟು, ಕೆಲಸಕ್ಕೆ ಕೈ ಹಾಕಿಬಿಡುತ್ತಿದ್ದಳು. ನನ್ನ ಮಗಳು ನಾಲ್ಕನೇ ಕ್ಲಾಸನ್ನು ನಮ್ಮ ಶಾಲೆಯಲ್ಲೇ ಓದಿದಳು. ಶಿಕ್ಷಕರ ದಿನಾಚರಣೆಗೆ ನಮ್ಮ ಮನೆಯ ಕುಂಡದಲ್ಲಿ ಬಿಟ್ಟಿದ್ದ ಒಂದೇ ಒಂದು ಗುಲಾಬಿ ಕಿತ್ತುಕೊಂಡು ಹೋಗಿ ಯಾರಿಗೆ ಕೊಟ್ಟಳು ಅಂತೀರಿ? ಅವಳಿಗೆ. ನಾನು ಪಕ್ಕದಲ್ಲೇ ನಿಂತಿದ್ದೆ. "ನಿಂಗೆ ಮನೇಲಿ ಕೊಡ್ತೀನಮ್ಮ" ಎಂದಳು ನನ್ನ ಹೆತ್ತ ಮಗಳು. ಇವತ್ತಿನವರೆಗೂ ಕೊಟ್ಟಿಲ್ಲ.

ಇವೆಲ್ಲ ಸಣ್ಣಪುಟ್ಟವು, ಬಿಡಿ. ದೊಡ್ಡದು ನಡೆದದ್ದು ಪ್ರವಾಹದ ವರ್ಷ.

ಆ ಆಷಾಢದಲ್ಲಿ ಕೇರಳದ ಕಡೆ ಒಂದೇ ಸಮನೆ ಮಳೆ ಹೊಡೆದು, ಕಬಿನಿ ಅಣೆಕಟ್ಟಿನ ಬಾಗಿಲು ತೆಗೆದರು. ಬೆಳಿಗ್ಗೆ ಸ್ನಾನಘಟ್ಟದ ಮೆಟ್ಟಿಲ ಮೇಲಿದ್ದ ನೀರು ಮಧ್ಯಾಹ್ನ ಊಟದ ಹೊತ್ತಿಗೆ ನದಿ ದಂಡೆಯ ಕೇರಿಯೊಳಗಿತ್ತು. ಆ ಕೇರಿಯ ಮಕ್ಕಳೇ ನಮ್ಮ ಶಾಲೆಗೆ ಬರುವವರು. ಮೇಷ್ಟ್ರುಗಳನ್ನು ಕಾಳಜಿ ಕೇಂದ್ರಗಳಿಗೆ ಹಾಕಿದರು. ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದರಲ್ಲ, ಅದೇ ಇದು. ಎರಡು ಕೇಂದ್ರ ತೆರೆದರು: ಒಂದು ನಮ್ಮ ಜನಾಂಗದವರ ಛತ್ರದಲ್ಲಿ, ಇನ್ನೊಂದು ನಮ್ಮ ಶಾಲೆಯಲ್ಲಿ. ಛತ್ರಕ್ಕೆ ನಾನು, ಶಾಲೆಗೆ ಅವಳು. ನಡುವೆ ಒಂದೇ ಒಂದು ರಸ್ತೆ.

ಛತ್ರ ಸಿಕ್ಕಿದ್ದಕ್ಕೆ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಟೈಲ್ಸ್ ನೆಲ, ಸಾಲಾಗಿ ಫ್ಯಾನು, ನಲ್ಲಿ ತಿರುಗಿಸಿದರೆ ನೀರು. ಅಡುಗೆಗೆ ಮದುವೆ ಭಟ್ಟರೇ ಬಂದರು. ಬೆಳಿಗ್ಗೆ ಖಾರಾಬಾತ್, ಕೇಸರಿಬಾತ್, ಮಧ್ಯಾಹ್ನ ಪಲಾವು, ಸಾಯಂಕಾಲ ಚಿತ್ರಾನ್ನ. ಬಾಗಿಲಲ್ಲಿ ಮದುವೆಗಳಲ್ಲಿ ಮುಯ್ಯಿ ಬರೆಯುವ ಮೇಜಿತ್ತು. ಅದನ್ನೇ ಎಳೆದುಕೊಂಡು ಕೂತೆ. ‘ಅಗತ್ಯ ವಸ್ತುಗಳ ಪಟ್ಟಿ’ ಎಂದು ದುಂಡಗೆ ಬರೆದು, ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ, ಒಬ್ಬೊಬ್ಬರನ್ನೇ ಕರೆದು ಕೇಳಿದೆ, "ಏನು ಬೇಕು, ಹೇಳಿ?"

"ಏನೂ ಬ್ಯಾಡ ಕಣವ್ವ," ಎಂದರು ಒಬ್ಬರು. ಇನ್ನೊಬ್ಬರೂ ಅದನ್ನೇ ಅಂದರು. ಸೊಂಟದವರೆಗೆ ನೆನೆದು ಬಂದವರು, ಉಟ್ಟ ಬಟ್ಟೆಯಲ್ಲಿ ಬಂದವರು, ಎಲ್ಲರೂ ‘ಏನೂ ಬ್ಯಾಡ’. ನಾನು ಖುಷಿಯಾಗಿ ಎಲ್ಲರ ಹೆಸರಿನ ಮುಂದೆಯೂ ‘ಇಲ್ಲ’ ಎಂದು ಬರೆದುಕೊಂಡೆ. ನನ್ನ ಕೇಂದ್ರದಲ್ಲಿ ಯಾರಿಗೂ ಯಾವ ಕೊರತೆಯೂ ಇಲ್ಲ ಎಂದು ಕಚೇರಿಗೆ ಫೋನೂ ಮಾಡಿದೆ.

ಮೊದಲು ಎದ್ದು ಹೋದವಳು ದೇವಮ್ಮ. ಕೇರಿಯ ಕೊನೆಯ ಮನೆಯ ಒಂಟಿ ಮುದುಕಿ, ಜೊತೆಗೊಂದು ಕರಿ ಆಡು. ಆಡನ್ನು ಒಳಗೆ ಬಿಡಬಾರದೆಂದು ಛತ್ರದ ಕಮಿಟಿಯವರು ಹೇಳಿದ್ದರು, ನಾನೂ ಅದು ಸರಿ ಎಂದಿದ್ದೆ. ಟೈಲ್ಸ್ ನೆಲವಲ್ಲವೇ? ದೇವಮ್ಮ ಒಂದು ದಿನ ಆಡಿನ ಜೊತೆ ಹೊರಗಿನ ಚಪ್ಪರದಲ್ಲೇ ಕೂತಿದ್ದಳು. ಮಾರನೆಯ ಬೆಳಿಗ್ಗೆ ಕೇಸರಿಬಾತಿನ ತಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು, "ಇಟ್ಟುಣ್ದೆ ವಟ್ಟೆ ವಟ್ಟೆ ಇದ್ದಂಗಿಲ್ಲ ಕಣವ್ವ. ಆ ಟೀಚರಮ್ಮನ ಸ್ಕೂಲ್ತಾವು ಇಟ್ಟು ಮಾಡ್ತಾವ್ರಂತೆ, ಓಯ್ತೀನಿ," ಎಂದು ಹಗ್ಗ ಹಿಡಿದುಕೊಂಡು ಹೊರಟೇಬಿಟ್ಟಳು. ಹಿಟ್ಟು ಎಂದರೆ ನಮ್ಮ ಕಡೆ ರಾಗಿ ಮುದ್ದೆ. ಆ ಟೀಚರಮ್ಮನ ಸ್ಕೂಲಂತೆ! ನಾನೂ ಅದೇ ಸ್ಕೂಲಿನ ಟೀಚರಮ್ಮನೇ ಅಲ್ಲವೇ?

ಅವತ್ತು ಮಧ್ಯಾಹ್ನದೊಳಗೆ ನಾಲ್ಕು ಸಂಸಾರ ಹೋದವು. ಸಾಯಂಕಾಲ ಇನ್ನಷ್ಟು. ಸೋಸಲೆಯ ಅವಳ ಮನೆಯಲ್ಲಿ ಬುದ್ಧನ ಪಟವಿತ್ತು, ಕೇರಿಯ ಎಷ್ಟೋ ಮನೆಗಳಲ್ಲೂ ಅದೇ ಪಟ. "ಅವರವರು ಅವರವರ ಕಡೆ ಹೋಗ್ತಾರೆ, ಅದರಲ್ಲೇನು" ಎಂದು ಯಜಮಾನರ ಹತ್ತಿರ ಹೇಳಿ ಸಮಾಧಾನ ಮಾಡಿಕೊಂಡೆ. ಆ ಸಮಾಧಾನವೂ ನಿಲ್ಲಲಿಲ್ಲ. ನಮ್ಮ ಮಠಕ್ಕೇ ನಡೆದುಕೊಳ್ಳುವ ಎಣ್ಣೆ ಅಂಗಡಿಯವರ ಮನೆಯ ಹೆಂಗಸರು, ನನಗೆ ದೂರದ ನೆಂಟರು, ಮಾರನೆಯ ದಿನ ದಿಂಬು ಕಂಕುಳಿಗೆ ಸಿಕ್ಕಿಸಿಕೊಂಡು ರಸ್ತೆ ದಾಟಿದರು. "ಯಾಕತ್ತೆ, ಇಲ್ಲೇನು ಕಮ್ಮಿಯಾಯ್ತು?" ಎಂದು ಕೇಳಿದೆ. "ಕಮ್ಮಿ ಏನಿಲ್ಲಮ್ಮ. ಅಲ್ಲಿ ಎಲ್ರೂ ಸೇರಿ ಸೊಪ್ಪು ಸೋಸ್ತಾ ಕೂತವ್ರೆ. ಇಲ್ಲಿ ಸುಮ್ನೆ ಕೂತ್ರೆ ಮನೆ ನೆನಪಾಯ್ತದೆ," ಎಂದರು.

ತಡೆಯಲಾರದೆ ಹಾಜರಿ ಪುಸ್ತಕ ಬೇಕೆಂಬ ನೆಪ ಮಾಡಿಕೊಂಡು ಶಾಲೆಗೆ ಹೋದೆ. ವರಾಂಡದಲ್ಲಿ ಮೂರು ಕಲ್ಲಿನ ಒಲೆಗಳು, ಬಿಸಿಯೂಟದ ಪಾತ್ರೆಗಳು. ಒಂದೊಂದು ಬೀದಿಯ ಹೆಂಗಸರು ಒಂದೊಂದು ಒಲೆ ಹಿಡಿದಿದ್ದರು. ಎಣ್ಣೆ ಅಂಗಡಿಯ ಅತ್ತೆ ದೇವಮ್ಮನ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಸೈಕಲ್ ಶೆಡ್ಡಿನಲ್ಲಿ ಆಡುಗಳು, ಬುಟ್ಟಿ ಮುಚ್ಚಿದ ಕೋಳಿಗಳು. ನನ್ನ ಕ್ಲಾಸಿನ ಕಿಟಕಿಗಳಿಗೆ ಸೀರೆ ಕಟ್ಟಿ ಹೆಂಗಸರು ಬಟ್ಟೆ ಬದಲಾಯಿಸುವುದಕ್ಕೆ ಜಾಗ ಮಾಡಿದ್ದಳು. ಅವಳು ಮಾತ್ರ ಐದನೇ ಕ್ಲಾಸಿನಲ್ಲಿ ನೆಲದ ಮೇಲೆ ಕೂತು, ಹೊಸದಾಗಿ ಬಂದ ಒಬ್ಬ ಹೆಂಗಸಿನ ಒದ್ದೆ ತಲೆ ಒರೆಸುತ್ತ ಕೇಳುತ್ತಿದ್ದಳು, "ಏನ್ ಬಿಟ್ಬಂದ್ರಿ?"

ಆ ಹೆಂಗಸು ಹೋ ಎಂದು ಅಳಲು ಶುರು ಮಾಡಿದಳು. ಅಳುತ್ತಲೇ ಒಂದೊಂದಾಗಿ ಹೇಳಿದಳು. ಗಂಡನ ಬಿಪಿ ಮಾತ್ರೆ. ಅತ್ತೆಯ ಕನ್ನಡಕ. ಮಗಳ ಗಣಿತದ ಪುಸ್ತಕ. ಬಾಣಂತಿ ನಾದಿನಿಗೆ ಕಟ್ಟುವ ಬಟ್ಟೆ. ಆಮೇಲೆ ತಲೆ ತಗ್ಗಿಸಿ ಇನ್ನೂ ಏನೋ ಪಿಸುಗುಟ್ಟಿದಳು, ಅದು ನನಗೆ ಕೇಳಿಸಲಿಲ್ಲ. ಅವಳು ಎದ್ದು ಹೋಗಿ, ಆ ಹೆಂಗಸು ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಆ ಇಳಿಜಾರಿನ ಅಕ್ಷರದಲ್ಲಿ ಬರೆದಳು, ಪಿಸುಗುಟ್ಟಿದ್ದನ್ನು ಬರೆಯಲಿಲ್ಲ. ಬಿಸ್ಕತ್ತಿನ ಪೆಟ್ಟಿಗೆ ಹೊತ್ತು ತಂದ ದಾನಿಗಳು ಆ ಬೋರ್ಡನ್ನು ಓದಿ, ಪೆಟ್ಟಿಗೆ ಇಳಿಸದೆ ಹಾಗೇ ವಾಪಸು ಹೋಗಿ ಮಾತ್ರೆ, ಲಂಗ, ಕನ್ನಡಕ ತರುತ್ತಿದ್ದರು. ಬೋರ್ಡಿನಲ್ಲಿ ‘ಎಲೆ ಅಡಿಕೆ’ ಎಂದೂ ಇತ್ತು.

"ಎಲೆ ಅಡಿಕೆ ಅಗತ್ಯ ವಸ್ತುನಾ ಮೇಡಂ?" ಎಂದು ಕೊಂಕಾಗಿ ಕೇಳಿದೆ.

"ದೇವಮ್ಮಂಗೆ ಹೂಂ ಕಣ್ರೀ. ನಿಮ್ಗೆ ಬೆಳಿಗ್ಗೆ ಕಾಫಿ ಇಲ್ದಿದ್ರೆ..." ಎಂದು ಅಲ್ಲಿಗೇ ಬಿಟ್ಟಳು. ಆಮೇಲೆ ನನ್ನ ಮುಖ ನೋಡಿ, "ಬೇಕು ಅಂತ ಬಾಯಿ ಬಿಟ್ಟು ಕೇಳೋಕೆ ನಾಚ್ಕೆ ಅವ್ರಿಗೆ. ಬೇಡಿ ತಿನ್ನೋರಲ್ವಲ್ಲ. ಬಿಟ್ಬಂದಿದ್ದು ಏನು ಅಂದ್ರೆ ಹೇಳ್ತಾರೆ. ಅದು ಅವ್ರದ್ದೇ ಅಲ್ವಾ?" ಎಂದಳು. ನನಗೆ ಗೊತ್ತಿರುವಂತೆ ಅವಳು ಪೂರ್ತಿ ಮಾಡಿದ ಮೊದಲ ಮಾತು ಇದು.

ಎಷ್ಟು ಸರಳ! ನನಗೇಕೆ ಹೊಳೆಯಲಿಲ್ಲ? ಮುಯ್ಯಿ ಮೇಜಿನ ಹಿಂದೆ ಕೂತು ಅಷ್ಟು ಜನರ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದುಕೊಂಡ ಪಟ್ಟಿ ನನ್ನ ಬ್ಯಾಗಿನಲ್ಲಿತ್ತು. ಛತ್ರಕ್ಕೆ ಬಂದು, ಅರ್ಧ ಖಾಲಿಯಾದ ಹಜಾರದಲ್ಲಿ ತಿರುಗುತ್ತಿದ್ದ ಫ್ಯಾನುಗಳನ್ನು ನೋಡುತ್ತ ಕೂತೆ. ಆಮೇಲೆ ಫೋನ್ ತೆಗೆದೆ. ಶಾಲೆಯ ವರಾಂಡದಲ್ಲಿ ಸೌದೆ ಒಲೆ ಹಚ್ಚಿದ್ದಾರೆ, ಮಕ್ಕಳ ಪಕ್ಕದಲ್ಲೇ ಆಡು ಕೋಳಿ ಕಟ್ಟಿದ್ದಾರೆ, ಕಾಯಿಲೆ ಹರಡಿದರೆ ಯಾರು ಹೊಣೆ ಎಂದು ಮೇಲಿನವರಿಗೆ ಹೇಳಿದೆ. ಒಂದೂ ಸುಳ್ಳಲ್ಲ. ಆದರೆ ಯಾಕೆ ಹೇಳಿದೆ ಎಂದು ನನಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಆದೇಶ ಬಂತು, ಶಾಲೆಯ ಕೇಂದ್ರ ಮುಚ್ಚಿ ಎಲ್ಲರೂ ಛತ್ರಕ್ಕೆ ಬರಬೇಕೆಂದು. ಅವಳು ಜಗಳವಾಡುತ್ತಾಳೆ ಎಂದುಕೊಂಡಿದ್ದೆ, ಉತ್ತರವನ್ನೂ ಯೋಚಿಸಿಟ್ಟುಕೊಂಡಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಪಾತ್ರೆ ಹಿಡಿದು, ಅಷ್ಟೂ ಜನವನ್ನು ರಸ್ತೆ ದಾಟಿಸಿಕೊಂಡು ಬಂದಳು. "ಇಲ್ಲಿ ಫ್ಯಾನ್ ಅವೆ, ನೀರಿದೆ, ಮೇಡಂ ನನಗಿಂತ ಅಚ್ಚುಕಟ್ಟು, ಬನ್ನಿ ಬನ್ನಿ," ಎಂದು ಅವರಿಗೆ ಹೇಳುತ್ತಿದ್ದಳು. ಆಮೇಲೆ ನನ್ನ ಮೇಜಿನ ಮುಂದೆ ನಿಂತು, "ನಂಗೇನ್ ಕೆಲ್ಸ ಹೇಳಿ ಮೇಡಂ," ಎಂದಳು.

"ಟಾಯ್ಲೆಟ್ ನೋಡ್ಕೊಳ್ಳಿ," ಎಂದೆ. ನೋಡಿಕೊಂಡಳು. ಅದೂ ನನಗೆ ತಿರುಗಿಬಿತ್ತು. ಹೆಂಗಸರು ತಮ್ಮ ಕಷ್ಟವನ್ನೆಲ್ಲ ಹೇಳಿಕೊಳ್ಳಲು ಅದಕ್ಕಿಂತ ಅನುಕೂಲವಾದ ಜಾಗ ಇರಲಿಲ್ಲ. ನನ್ನ ಮೇಜಿನ ಮುಂದೆ ನೊಣ ಹಾರಾಡುತ್ತಿದ್ದರೆ, ಬಚ್ಚಲುಮನೆಯ ಬಾಗಿಲಲ್ಲಿ ಬಕೀಟು ಹಿಡಿದು ನಿಂತ ಅವಳ ಸುತ್ತ ಜನ.

ಎಲ್ಲರೂ ಬಂದರು ಎಂದೆನಲ್ಲ, ದೇವಮ್ಮ ಬರಲಿಲ್ಲ. ಆಡು ಬಿಟ್ಟು ಛತ್ರಕ್ಕೆ ಬರುವುದಿಲ್ಲ ಎಂದು, ಯಾರಿಗೂ ಹೇಳದೆ, ನೀರು ಸ್ವಲ್ಪ ಇಳಿದಿದ್ದ ತನ್ನ ಮನೆಗೆ ವಾಪಸು ಹೋಗಿದ್ದಳು. ನೆನೆದ ಮಣ್ಣಿನ ಗೋಡೆ. ಅದು ಎರಡನೆಯ ದಿನ ಬೆಳಿಗ್ಗೆ ಅವಳ ಕಾಲ ಮೇಲೆ ಕುಸಿಯಿತು. ಜೀವ ಉಳಿಯಿತು, ಎಡಗಾಲು ಮುರಿಯಿತು. ಆಡಿಗೆ ಏನೂ ಆಗಲಿಲ್ಲ.

ದೇವಮ್ಮನನ್ನು ಆಸ್ಪತ್ರೆಗೆ ಸೇರಿಸಿ ಅವಳು ನೇರವಾಗಿ ನನ್ನ ಹತ್ತಿರ ಬಂದಳು. ಸೀರೆಯೆಲ್ಲ ಕೆಸರು. ಫೋನ್ ಮಾಡಿದ್ದು ನಾನೇ ಎಂದು ಯಾರು ಹೇಳಿದ್ದರೋ, ಯಾರೂ ಹೇಳದೆ ಅವಳೇ ತಿಳಿದುಕೊಂಡಿದ್ದಳೋ. "ಫೋನ್ ಮಾಡೋಕ್ ಮುಂಚೆ ನಂಗೊಂದು ಮಾತು ಹೇಳಿದ್ರೆ ಆಡನ್ನ ನಮ್ಮೂರಿಗೆ ಸಾಗಿಸ್ಬಿಡ್ತಿದ್ದೆ ಮೇಡಂ," ಎಂದಳು. ಅಷ್ಟೇ. ಕೂಗಿ ಬೈದಿದ್ದರೆ ನಾನೂ ಎರಡು ಮಾತು ಬೈಯಬಹುದಿತ್ತು. ಕೈ ತೊಳೆದುಕೊಂಡು ಮತ್ತೆ ಬಕೀಟು ಹಿಡಿದಳು.

ಅದಾದ ಮೇಲೂ ನಾವು ಅಕ್ಕಪಕ್ಕದ ಕ್ಲಾಸುಗಳಲ್ಲಿ ವರ್ಷಗಟ್ಟಲೆ ಪಾಠ ಮಾಡಿದೆವು. ಆ ಮಾತನ್ನು ಅವಳು ಇನ್ನೊಮ್ಮೆ ಎತ್ತಲಿಲ್ಲ. ಊಟದ ಹೊತ್ತಿನಲ್ಲಿ ತನ್ನ ಡಬ್ಬಿಯ ಹುರುಳಿಕಾಳಿನ ಸಾರನ್ನು ನನ್ನ ಅನ್ನದ ಮೇಲೆ ಕೇಳದೆಯೇ ಸುರಿಯುತ್ತಿದ್ದಳು. ಚೆನ್ನಾಗಿರುತ್ತಿತ್ತು, ಅದೂ ಸಿಟ್ಟೇ ನನಗೆ. ಕಳೆದ ಚಳಿಗಾಲದಲ್ಲಿ ಕಿಡ್ನಿ ಕೈಕೊಟ್ಟಿತು. ಎರಡೇ ತಿಂಗಳು, ಹೋಗಿಬಿಟ್ಟಳು.

ಈ ಆಷಾಢದಲ್ಲಿ ಮತ್ತೆ ನೀರು ಬಂತು. ಈ ಸಲ ನಾನೇ ಕೇಳಿಕೊಂಡು ಶಾಲೆಯ ಕೇಂದ್ರ ತೆಗೆದುಕೊಂಡೆ. ಮೇಜು ಹಾಕಿಸಲಿಲ್ಲ. ವರಾಂಡದ ಹೊರಗೆ ತಗಡಿನ ಶೀಟು ಹೊದಿಸಿ ಒಲೆ ಹಾಕಿಸಿದೆ, ರಾಗಿ ಹಿಟ್ಟು ತರಿಸಿದೆ. ನೆಲದ ಮೇಲೆ ಕೂತು, "ಏನ್ ಬಿಟ್ಬಂದ್ರಿ?" ಎಂದು ಕೇಳಿದೆ. ಮೊದಲ ಹೆಂಗಸೇ ನನ್ನ ಮುಖ ನೋಡಿ, "ಆ ಟೀಚರಮ್ಮನೂ ಇಂಗೇ ಕೇಳೋರು," ಎಂದು ಕಣ್ಣೊರೆಸಿಕೊಂಡಳು. ನೋಡಿ, ನನ್ನ ಗತಿ!

ಕೇರಿಯಲ್ಲಿ ಉಳಿದವಳು ದೇವಮ್ಮ ಒಬ್ಬಳೇ. ಗೋಡೆ ಬಿದ್ದಮೇಲೆ ಸಿಮೆಂಟಿನ ಮನೆ ಕಟ್ಟಿಕೊಟ್ಟಿದ್ದರು, ಅದರ ತಾರಸಿಯ ಮೇಲೆ ಆಡಿನ ಜೊತೆ ಕೂತಿದ್ದಳು. ಅಗ್ನಿಶಾಮಕದವರು ಎರಡು ಸಲ ದೋಣಿ ತೆಗೆದುಕೊಂಡು ಹೋಗಿ ಬೈಸಿಕೊಂಡು ಬಂದಿದ್ದರು. "ಅಣೆಕಟ್ಟಿಂದ ಇನ್ನೂ ನೀರು ಬಿಡ್ತಾರಂತೆ ಮೇಡಂ. ಇದೇ ಕೊನೆ ಟ್ರಿಪ್ಪು, ನೀವು ಬಂದು ಹೇಳಿ ನೋಡಿ," ಎಂದರು. ನನಗೆ ಈಜು ಬರುವುದಿಲ್ಲ, ನೀರೆಂದರೆ ಭಯ. ಆದರೂ ಹತ್ತಿದೆ. ಒಂದು ಕಾಲು ಆಗಲೇ ಮುರಿದಿತ್ತು. ಈ ಸಲ ಜೀವವೇ ಹೋದರೆ ನಾನು ಯಾವ ಮುಖ ಹೊತ್ತುಕೊಂಡು ಆ ಶಾಲೆಯಲ್ಲಿ ಪಾಠ ಮಾಡಲಿ?

"ದೇವಮ್ಮ, ಇಳಿದು ಬನ್ನಿ," ಎಂದು ಕೂಗಿದೆ.

"ನಾ ಎಲ್ಲಿಗೂ ಬರಕಿಲ್ಲ. ಓಗ್ರವ್ವ ಸುಮ್ಕೆ," ಎಂದು ಮುಖ ತಿರುಗಿಸಿದಳು.

"ಛತ್ರ ಅಲ್ಲ ದೇವಮ್ಮ, ಶಾಲೆಗೆ! ಆಡನ್ನೂ ಕರ್ಕೊಳ್ಳಿ!"

ದೇವಮ್ಮ ಆಡನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ನೀರು ಮೆಟ್ಟಿಲ ಅರ್ಧಕ್ಕೆ ಬಂದಿತ್ತು. ದೋಣಿಯವರು ಹೊರಡೋಣ ಎನ್ನುತ್ತಿದ್ದರು. ನನಗೆ ಅಳು ಬಂತು, ಸಿಟ್ಟು ಬಂತು, ಇನ್ನೇನೂ ತೋಚದೆ ಬಾಯಿಗೆ ಬಂದದ್ದನ್ನು ಕೂಗಿಬಿಟ್ಟೆ.

"ಅವ್ರೇ ನನ್ನ ಕಳ್ಸಿರೋದು ದೇವಮ್ಮ! ಆ ಟೀಚರಮ್ಮ! ದೇವಮ್ಮನ್ನ ಬಿಟ್ಟು ಬರ್ಬೇಡಿ ಅಂದಿದ್ದಾರೆ. ಶಾಲೇಲಿ ಕಾಯ್ತಾ ಇದ್ದಾರೆ!"

ದೇವಮ್ಮ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಎದ್ದು, ಆಡನ್ನು ಕಂಕುಳಿಗೆ ಎತ್ತಿಕೊಂಡು, ಕುಂಟುತ್ತ ಒಂದೊಂದೇ ಮೆಟ್ಟಿಲು ಇಳಿದು ದೋಣಿಗೆ ಬಂದಳು. ನನ್ನ ಎದುರಿಗೇ ಕೂತಳು. ದೋಣಿ ಕೇರಿಯ ಅರ್ಧ ದಾಟಿತು.

"ಅವ್ರು ಸತ್ತು ಆರು ತಿಂಗ್ಳಾಯ್ತು ಕಣವ್ವ," ಎಂದಳು ಆಮೇಲೆ. "ಸೋಸಲೆಗೋಗಿ ನಾನೇ ಮಣ್ಣಾಕಿ ಬಂದಿವ್ನಿ."

"ಮತ್ತೆ ಯಾಕೆ ಇಳಿದು ಬಂದ್ರಿ?"

"ನಂಗೋಸ್ಕರ ಅಷ್ಟು ದೊಡ್ಡ ಸುಳ್ಳು ಏಳ್ದೆಲ್ಲ, ಅದ್ಕೆ." ಆಡಿನ ಮುಖಕ್ಕೆ ನೀರು ಚಿಮ್ಮದ ಹಾಗೆ ಸೆರಗು ಮುಚ್ಚಿದಳು. "ನೀನೂ ಅವತ್ತು ಬಸ್ಸತ್ತಿ ಕುಂತಿದ್ದೆ. ನಾನು ಇಂದ್ಗಡೆ ಸೀಟಲ್ಲಿದ್ದೆ, ನೋಡ್ದೆ. ಅದ್ಯಾಕವ್ವ ಇಳ್ದೋದೆ?"

ನಿಜ, ಅವಳನ್ನು ಮಣ್ಣು ಮಾಡಿದ ದಿನ ನಾನೂ ಹತ್ತಿದ್ದೆ. ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಟಿ. ನರಸೀಪುರದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತಿದ್ದೆ. ಆಮೇಲೆ ಒಬ್ಬೊಬ್ಬರಾಗಿ ಹತ್ತಿದರು. ಇಡೀ ಕೇರಿ, ಎಣ್ಣೆ ಅಂಗಡಿಯವರು, ಹಳೆಯ ವಿದ್ಯಾರ್ಥಿಗಳು, ಎಲ್ಲರ ಕೈಯಲ್ಲೂ ಹಾರ, ಎಲ್ಲರೂ ಅವಳಿಗಾಗಿ. ನಿಲ್ಲಲು ಜಾಗವಿರಲಿಲ್ಲ. ನಾನು ಸತ್ತರೆ ಇವರಲ್ಲಿ ಎಷ್ಟು ಜನ ಬರುತ್ತಾರೆ ಎಂಬ ಯೋಚನೆ ಬಂತು. ಆಮೇಲೆ ಅಲ್ಲಿ ಕೂರಲಾಗಲಿಲ್ಲ. ತಲೆನೋವು ಎಂದು ಕಂಡಕ್ಟರಿಗೆ ಹೇಳಿ ಇಳಿದು ಮನೆಗೆ ಹೋದೆ.

"ಹೊಟ್ಟೆಕಿಚ್ಚು ದೇವಮ್ಮ," ಎಂದೆ. ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು.

ದೇವಮ್ಮ ನಗಲಿಲ್ಲ. ನನ್ನ ಕೈಯನ್ನು ಎಳೆದು ಆಡಿನ ಬೆನ್ನ ಮೇಲೆ ಇಟ್ಟುಕೊಂಡಳು.

"ಇರ್ಲಿ ಬುಡು," ಎಂದಳು. "ಅವ್ರು ಬದ್ಕಿದ್ದು ಅದೇ ಬಸ್ಸಲ್ಲಿದ್ದಿದ್ರೆ, ನಿನ್ನ ಇಳ್ಯಕ್ಕೆ ಬುಡ್ತಿರ್ನಿಲ್ಲ."